ತಿರುಗಿ ಕುಳಿತ ಕುಂಡ

ದೊಡ್ಡಪತ್ರೆಯ ಕುಂಡ ಆ ಬೆಳಿಗ್ಗೆ ತಿರುಗಿ ಕುಳಿತಿತ್ತು. ಅದರ ಬಾಯಿಯ ಒಂದು ಪಕ್ಕ ಅಂಗೈಯಗಲ ಒಡೆದಿದೆ. ಒಡಕು ಕಾಣದಿರಲಿ ಎಂದು ವಸಂತಮ್ಮ ಅದನ್ನು ಯಾವಾಗಲೂ ಗೋಡೆಯ ಕಡೆಗೆ ಮಾಡಿ ಇಡುತ್ತಿದ್ದರು. ಇವತ್ತು ಒಡಕು ರಸ್ತೆಯ ಕಡೆಗಿತ್ತು.

ನೀರು ಹಾಕುವಾಗ ಚೌಡಪ್ಪನವರು ಸರಿಸಿರಬೇಕು ಎಂದುಕೊಂಡರು. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಚೌಡಪ್ಪ ಹಾಗೆಯೇ. ಕೇಳದೆ ನೀರು ಹಾಕುತ್ತಾರೆ, ಹೇಳದೆ ಹೋಗುತ್ತಾರೆ. ಹೊಳಲೂರಿನ ತಮ್ಮ ಅಡಿಕೆ ತೋಟದಿಂದ ಬರುವಾಗ ಅವರ ಟಿವಿಎಸ್ ಗಾಡಿಯ ಮುಂದೆ ಒಂದು ಚೀಲ ಮಣ್ಣು ಕೂತಿರುತ್ತದೆ. ಮರುದಿನ ನೋಡಿದರೆ ಟೆರೇಸಿನ ಕುಂಡಗಳೆಲ್ಲ ತುಂಬಿರುತ್ತವೆ. ಯಾರು ತುಂಬಿದ್ದು ಎಂದು ಕೇಳಿದರೆ, "ಇರುವೆಗಳು ಹೊತ್ತು ತಂದಿರ್ಬೇಕು ಬಿಡಿ ಅಮ್ಮ" ಎನ್ನುತ್ತಾರೆ.

ವಿನೋಬನಗರದ ಆ ಟೆರೇಸಿನಲ್ಲಿ ವಸಂತಮ್ಮನ ಅಡುಗೆಮನೆಯ ಅರ್ಧ ಇತ್ತು. ಪೇಂಟ್ ಡ್ರಮ್ಮಿನಲ್ಲಿ ಕರಿಬೇವು, ಹಣ್ಣಿನ ಕ್ರೇಟಿನಲ್ಲಿ ಕೊತ್ತಂಬರಿ, ಒಡೆದ ವಾಷ್ ಬೇಸಿನ್ನಿನಲ್ಲಿ ಪುದೀನ, ಹಳೆಯ ಟಬ್ಬಿನ ಕೆಸರಿನಲ್ಲಿ ಒಂದೆಲಗ. ಒಡಕು ಕುಂಡದಲ್ಲಿ ದೊಡ್ಡಪತ್ರೆ. ಮುಟ್ಟಿದರೆ ಸಾಕು, ದಪ್ಪ ಎಲೆ ಪಟ್ಟನೆ ಮುರಿದು ಬೆರಳಿಗೆ ಓಮದ ವಾಸನೆ ಹತ್ತುತ್ತದೆ. ವಸಂತಮ್ಮ ಹತ್ತಿಪ್ಪತ್ತು ಎಲೆ ಮುರಿದು ಸೆರಗಿನಲ್ಲಿ ಮುಚ್ಚಿಕೊಂಡು, ಮೆಟ್ಟಿಲಲ್ಲಿ ಯಾರಾದರೂ ಇದ್ದಾರೋ ಎಂದು ನೋಡಿ ಕೆಳಗಿಳಿದರು.

ತಮ್ಮದೇ ಗಿಡದ ಎಲೆಯನ್ನು ಹೀಗೆ ಕದ್ದು ಒಯ್ಯುವುದಕ್ಕೆ ಕಾರಣವಿತ್ತು. ಭದ್ರಾವತಿಯ ನ್ಯೂ ಟೌನಿನಲ್ಲಿರುವ ಮಗಳು ಗಗನಾ ಬಸುರಿ. ಈ ಹಿಂದೆ ಎರಡು ಸಲ ನಿಂತು, ಎರಡು ಸಲವೂ ಮೂರು ತುಂಬುವ ಮೊದಲೇ ಹೋಗಿತ್ತು. ಎರಡು ಸಲವೂ ವಸಂತಮ್ಮ ಸಂತೋಷ ತಡೆಯಲಾರದೆ ಬೀದಿಗೆಲ್ಲ ಹೇಳಿದ್ದರು. ಆಮೇಲೆ ಅದೇ ಬೀದಿಗೆ ಇಲ್ಲ ಎಂದೂ ಹೇಳಬೇಕಾಯಿತು. ಮೂರು ತುಂಬುವವರೆಗೆ ಹೊರಗೆ ಹೇಳಬಾರದು ಎಂಬುದು ಅವರ ತಾಯಿ, ಅಜ್ಜಿ ಎಲ್ಲರೂ ಪಾಲಿಸಿದ ಮಾತು. ಬಿ.ಎ. ಓದಿದ ತಾನು ಅದನ್ನು ನಕ್ಕು ತಳ್ಳಿಹಾಕಿದ್ದೇ ತಪ್ಪಾಯಿತೇನೋ ಎಂಬ ಅಳುಕು ಒಳಗೆಲ್ಲೋ ಸೇರಿಕೊಂಡುಬಿಟ್ಟಿತ್ತು. ಈ ಸಲ ಒಂದು ನರಪಿಳ್ಳೆಗೂ ತಿಳಿಯಕೂಡದು ಎಂದು ತಾಯಿ ಮಗಳು ಮಾತಾಡಿಕೊಂಡಿದ್ದರು. ಇನ್ನೇನು, ದೀಪಾವಳಿ ಕಳೆದರೆ ಮೂರು ತುಂಬುತ್ತಿತ್ತು.

ಗಗನಾಳಿಗೆ ಅನ್ನ ಕಂಡರಾಗದು. ಕಾಫಿಯ ವಾಸನೆ, ಕರಿಬೇವಿನ ಒಗ್ಗರಣೆಯ ವಾಸನೆ ಬಂದರೆ ಓಡಿಹೋಗಿ ಬಚ್ಚಲಲ್ಲಿ ಕೂರುತ್ತಾಳೆ. ಹೊಟ್ಟೆಯಲ್ಲಿ ನಿಲ್ಲುವುದು ಒಂದೇ, ಅಮ್ಮನ ದೊಡ್ಡಪತ್ರೆ ತಂಬುಳಿ. ಆದ್ದರಿಂದ ವಸಂತಮ್ಮ ದಿನಾ ಬೆಳಿಗ್ಗೆ ಎಲೆಯನ್ನು ಒಂದು ಚಮಚ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಕಲಸಿ ಸ್ಟೀಲ್ ಡಬ್ಬಿಗೆ ತುಂಬುತ್ತಿದ್ದರು. ಕುದಿಸುವುದಿಲ್ಲ, ಒಗ್ಗರಣೆಯಿಲ್ಲ. ಭದ್ರಾವತಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗ ನಾಗೇಶ್ ಅದನ್ನು ಒಯ್ದು, ಅಕ್ಕನ ಮನೆಗೆ ಕೊಟ್ಟು ಬ್ಯಾಂಕಿಗೆ ಹೋಗುತ್ತಿದ್ದ.

ಮೊದಲೆಲ್ಲ ತಂಬುಳಿ ಮಾಡಿದ ದಿನ ಮೇಲಿನ ಮನೆಗೂ ಒಂದು ಲೋಟ ಹೋಗುತ್ತಿತ್ತು. ಚೌಡಪ್ಪ ಅದನ್ನು ಮುಟ್ಟುತ್ತಿರಲಿಲ್ಲ. "ಈ ಸೊಪ್ಪಿನ ನೀರು ಕುಡ್ದು ಅದ್ ಹೆಂಗ್ ಬದುಕ್ತೀರಮ್ಮ ನೀವು? ನಮ್ ಎತ್ತಿಗೆ ಹೊಟ್ಟೆ ಉಬ್ಬರಿಸಿದ್ರೆ ಇಂಥದ್ದು ಕುಡಿಸ್ತಿದ್ವಿ" ಎಂದು ನಗುತ್ತಿದ್ದರು. ಕುಡಿಯುತ್ತಿದ್ದವಳು ಅವರ ಹೆಂಡತಿ ಚೌಡಮ್ಮ. ಈಗ ದಿನಾ ಮಾಡುವುದು ಕಂಡರೆ ಅವಳು ಏನಾದರೂ ಕೇಳಿಯಾಳು ಎಂದು ವಸಂತಮ್ಮ ಒಂದು ಸುಳ್ಳು ಹೇಳಿದ್ದರು. "ಶೀತ ಆಗುತ್ತೆ ಮಾರಾಯ್ತಿ, ಮಂಡಿ ಬೇರೆ ಹಿಡ್ಕೊಂಡಿದೆ. ಮಳೆಗಾಲ ಪೂರ್ತಿ ಕಳೆಯೋವರೆಗೂ ಸೊಪ್ಪಿನ ಸಹವಾಸವೇ ಬೇಡ ಅಂತ ಬಿಟ್ಟಿದ್ದೀನಿ." ಚೌಡಮ್ಮ ಅವರ ಮುಖವನ್ನೊಮ್ಮೆ ನೋಡಿ, "ಹೌದಾ ಅಕ್ಕ, ಹಂಗಾದ್ರೆ ಮಂಡಿಗೆ ಎಣ್ಣೆ ತಿಕ್ಕೊಳ್ಳಿ" ಎಂದಷ್ಟೇ ಹೇಳಿದ್ದಳು.

ನಾಗೇಶ್ ಡಬ್ಬಿ ಹಿಡಿದು ಹೊರಟ ಮೇಲೆ ವಸಂತಮ್ಮ ಸ್ನಾನ, ಪೂಜೆ ಮುಗಿಸಿದರು. ಬಿಸಿಲು ಚೆನ್ನಾಗಿತ್ತು. ಒಣಗಲು ಹಾಕೋಣವೆಂದು ಬ್ಯಾಡಗಿ ಮೆಣಸಿನಕಾಯಿಯ ಮೊರ ಹಿಡಿದು ಟೆರೇಸಿಗೆ ಹೋದರು. ಅಲ್ಲಿ ಚೌಡಪ್ಪ ಕರಿಬೇವಿನ ಎಲೆ ತಿರುವಿ ನೋಡುತ್ತ ನಿಂತಿದ್ದರು. ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದವರ ಸಣ್ಣ ಹೆಮ್ಮೆ.

"ಬನ್ನಿ ಅಮ್ಮ, ನೋಡಿ. ಎಲ್ಲಾ ಉದುರಿ ಹೋಗಿದೆ."

"ಏನು ಉದುರಿದ್ದು?"

"ಅದೇ, ಬಿಳೀ ಹಿಟ್ಟಿನ ಥರ ಮೆತ್ಕೊಂಡಿತ್ತಲ್ಲ, ಆ ಹುಳ. ನೀವೂ ವಾರದಿಂದ ಗೊಣಗ್ತಾ ಇದ್ರಿ. ತೋಟಕ್ಕೆ ತಂದ ಔಷಧಿ ತಳದಲ್ಲಿ ಒಂದಿಷ್ಟು ಉಳಿದಿತ್ತು. ನಿನ್ನೆ ಮುಸ್ಸಂಜೇಲಿ ಹೊಡ್ದುಬಿಟ್ಟೆ."

ವಸಂತಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಮೊರವನ್ನು ಕಟ್ಟೆಯ ಮೇಲಿಟ್ಟರು. "ಕರಿಬೇವಿಗಾ?"

"ಒಂದಕ್ಕೆ ಹೊಡ್ದು ಒಂದು ಬಿಟ್ರೆ ಹುಳ ಆ ಕಡೆಗೆ ಹೋಗಿ ಕೂರ್ತದೆ. ಟೆರೇಸ್ ಮೇಲಿರೋ ಅಷ್ಟಕ್ಕೂ ಹೊಡ್ದಿದ್ದೀನಿ. ಪಾಪ, ನಿಮ್ಮ ಗಿಡ ಒಂದನ್ನೂ ಬಿಟ್ಟಿಲ್ಲ." ಚೌಡಪ್ಪ ನಕ್ಕರು. "ಎರಡು ವಾರ ಮಾತ್ರ ಎಲೆ ಬಾಯಿಗೆ ಹಾಕ್ಬೇಡಿ. ನಿನ್ನೇನೇ ಹೇಳೋಣ ಅಂತ ಕೆಳಗೆ ಬಂದೆ, ನೀವು ದೇವಸ್ಥಾನಕ್ಕೆ ಹೋಗಿದ್ರಿ, ಬೀಗ ಹಾಕಿತ್ತು. ಹೆಂಗೂ ಈ ನಡುವೆ ಸೊಪ್ಪು ಬಿಟ್ಟಿದ್ದೀರಲ್ಲ, ಬೆಳಿಗ್ಗೆ ಹೇಳಿದ್ರಾಯ್ತು ಅಂದ್ಕೊಂಡೆ."

ವಸಂತಮ್ಮನ ಕಣ್ಣು ಒಡಕು ಕುಂಡದ ಮೇಲೆ ಹೋಯಿತು. ಒಡಕು ರಸ್ತೆಯ ಕಡೆಗೆ. ಎಲ್ಲ ಮಗ್ಗುಲಿಗೂ ಬೀಳಲಿ ಎಂದು ತಿರುಗಿಸಿ ತಿರುಗಿಸಿ ಹೊಡೆದಿದ್ದಾರೆ. ಅವರು ಯಾವ ಕೆಲಸವನ್ನೂ ಅರೆಬರೆ ಮಾಡುವವರಲ್ಲ.

"ಯಾವ ಔಷಧಿ ಅದು?" ದನಿ ತಮ್ಮದಲ್ಲ ಎನಿಸಿತು.

"ಹೆಸರು ಯಾರಿಗ್ ಗೊತ್ತಮ್ಮ? ಅಂಗಡಿಯವನು ದೊಡ್ಡ ಕ್ಯಾನಿಂದ ಹಳೇ ಬಾಟಲಿಗೆ ಹಾಕ್ಕೊಟ್ಟ. ಯಾಕಮ್ಮ, ಮುಖ ಹಿಂಗಾಯ್ತು? ತಲೆ ಸುತ್ತಾ?"

ಆಗ ಹೇಳಿಬಿಡಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅದರ ಹಿಂದೆಯೇ ಇನ್ನೊಂದು ಭಯ ಎದ್ದು ಬಾಯಿ ಮುಚ್ಚಿತು. ಹೇಳಿದರೆ ಹೋಗಿಬಿಡುತ್ತದೆ. ಎರಡು ಸಲ ಹೇಳಿದ್ದೆ, ಎರಡು ಸಲವೂ ಹೋಯಿತು. ವಸಂತಮ್ಮ, "ಬಿಸಿಲಿಗೆ" ಎಂದರು. ಚೌಡಪ್ಪ ಓಡಿಹೋಗಿ ತಮ್ಮ ಮನೆಯಿಂದ ಒಂದು ಲೋಟ ನೀರು ತಂದು ಕೊಟ್ಟರು. ಹೆಂಡತಿ ಬೆಳಿಗ್ಗೆ ಮೊದಲ ಬಸ್ಸಿಗೇ ಹೊಳಲೂರಿಗೆ ಹೋಗಿದ್ದಾಳೆ, ಇಲ್ಲದಿದ್ದರೆ ನಿಂಬೆಹಣ್ಣಿನ ಪಾನಕ ಮಾಡಿಕೊಡುತ್ತಿದ್ದಳು ಎಂದು ತಾವೇ ನೊಂದುಕೊಂಡು ಕೆಳಗೆ ಹೋದರು.

ಅವರು ಮರೆಯಾದದ್ದೇ ವಸಂತಮ್ಮ ದೊಡ್ಡಪತ್ರೆಯ ಒಂದು ಎಲೆ ಮುರಿದು ಮೂಸಿದರು. ಓಮದ ವಾಸನೆ, ಅದರಾಚೆ ಏನೂ ತಿಳಿಯಲಿಲ್ಲ. ಯಾವ ವಿಷವಿದ್ದರೂ ಆ ವಾಸನೆಯಡಿ ಅಡಗಿ ಕೂರಬಲ್ಲದು. ಎಲೆಯನ್ನು ಬಾಯಿಗೆ ಹಾಕಿ ಅಗಿದರು. ನಾಲಿಗೆ ಚುರುಗುಟ್ಟಿತು. ಆದರೆ ದೊಡ್ಡಪತ್ರೆ ಅಗಿದರೆ ಯಾವತ್ತೂ ನಾಲಿಗೆ ಚುರುಗುಟ್ಟುತ್ತದಲ್ಲ! ಹೆಚ್ಚು ಚುರುಗುಟ್ಟಿತೇ? ಇನ್ನೊಂದು ಎಲೆ ಅಗಿದರು. ತಿಳಿಯಲಿಲ್ಲ. ಎಲೆಯ ಮೇಲೆ ಕಲೆಯಿದೆಯೇ ಎಂದು ನೋಡಿದರೆ, ದೊಡ್ಡಪತ್ರೆಯ ಮೈತುಂಬ ಸಣ್ಣ ಬಿಳಿಯ ರೋಮ. ಔಷಧಿ ಯಾವುದು, ರೋಮ ಯಾವುದು? ಕರಿಬೇವಿನ ಎಲೆಯ ಮೇಲೆ ಮಾತ್ರ ಒಣಗಿದ ಹನಿಗಳ ಗುರುತು ಸ್ಪಷ್ಟವಾಗಿತ್ತು.

ಬೆಳಿಗ್ಗೆ ತೊಳೆದಿದ್ದೆನೇ? ನಲ್ಲಿಯ ಕೆಳಗೆ ಒಮ್ಮೆ ಹಿಡಿದು ಕೊಡವಿದ ನೆನಪು. ಪೇಟೆಯಿಂದ ತಂದ ಸೊಪ್ಪನ್ನು ಉಪ್ಪು ನೀರಿನಲ್ಲಿ ನೆನೆಸಿಟ್ಟು ತೊಳೆಯುವ ಕೈ ಇದು. ಮನೆಯ ಗಿಡದ್ದಲ್ಲವೇ ಎಂದು ಒಮ್ಮೆ ಕೊಡವಿ ಬಿಟ್ಟಿತ್ತು.

ಕೆಳಗೆ ಬಂದು ಫೋನು ಹಿಡಿದರು. ಗಗನಾಳ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಅಳಿಯ ಹರ್ಷವರ್ಧನನದು ಸ್ವಿಚ್ ಆಫ್. ವಿದ್ಯುತ್ ಇಲಾಖೆಯ ಕೆಲಸ, ಹೊಳೆಹೊನ್ನೂರಿನ ಕಡೆ ಲೈನ್ ಮೇಲಿದ್ದರೆ ಫೋನು ಆರಿಸಿಬಿಡುತ್ತಾನೆ. ನಾಗೇಶ್ ಮಾತ್ರ ಎತ್ತಿದ.

"ನಾಗೂ, ಡಬ್ಬಿ ಕೊಟ್ಟೆಯೇನೋ?"

"ಆಗ್ಲೇ ಕೊಟ್ಟೆ ಕಣಮ್ಮ. ಇವತ್ತು ನಿನ್ನ ಮಗಳಿಗೆ ಭಾರಿ ಹಸಿವು. ನನ್ನೆದುರಿಗೇ ಎರಡು ಲೋಟ ಇಳಿಸಿದಳು. ಡಬ್ಬೀನೂ ತೊಳೆದು ಕೊಟ್ಟಳು."

ದಿನಾ ಅರ್ಧ ಲೋಟ ಕುಡಿದರೆ ಹೆಚ್ಚು ಎನ್ನುವವಳು, ಇವತ್ತು ಎರಡು ಲೋಟ.

"ಅಮ್ಮ? ಏನಾಯ್ತು?"

ಹೇಳಿದರು. ಆ ಕಡೆ ನಾಗೇಶನ ಕುರ್ಚಿ ಹಿಂದೆ ಸರಿದ ಸದ್ದು ಕೇಳಿಸಿತು. "ನಾನು ಹೋಗ್ತೀನಿ. ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ. ನೀನು ಗಾಬರಿ ಆಗ್ಬೇಡ" ಎಂದ. ಅವನ ದನಿಯಲ್ಲೇ ಗಾಬರಿ ಇತ್ತು.

ವಸಂತಮ್ಮ ಉಟ್ಟ ಸೀರೆಯಲ್ಲೇ ಹೊರಟರು. ದೊಡ್ಡಪತ್ರೆಯ ಒಂದು ರೆಂಬೆ ಮುರಿದು ಪ್ಲಾಸ್ಟಿಕ್ ಕವರಿಗೆ ಹಾಕಿ ಚೀಲದಲ್ಲಿಟ್ಟುಕೊಂಡಿದ್ದರು. ಡಾಕ್ಟರು ಕೇಳಿದರೆ ತೋರಿಸಬಹುದು ಎಂದು. ಆಟೋದವನು ಬಸ್‌ಸ್ಟ್ಯಾಂಡಿನ ಹೊರಗೆ ನಿಲ್ಲಿಸದೆ ಭದ್ರಾವತಿ ಬಸ್ಸು ಹೊರಡುವ ಕಡೆಗೇ ಕರೆತಂದ. ಬಸ್ಸು ಆಗಲೇ ಚಲಿಸತೊಡಗಿತ್ತು. "ಏ ಮಾರಾಯ, ಅಜ್ಜಿ ಬರ್ತಾರೆ, ನಿಲ್ಸೋ!" ಎಂದು ಅವನೇ ಕೂಗಿ, ಬಾಗಿಲವರೆಗೆ ಬಂದು ಹತ್ತಿಸಿದ. ಅವನ ಮುಖವನ್ನು ಒಮ್ಮೆ ನೋಡಬೇಕಿತ್ತು ಎಂದು ವಸಂತಮ್ಮನಿಗೆ ಬಸ್ಸು ತುಂಗಾ ಸೇತುವೆ ದಾಟುವಾಗ ಅನಿಸಿತು.

ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ವಸಂತಮ್ಮ ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದಿದ್ದರು. ತಮ್ಮ ಹೊಟ್ಟೆಯಲ್ಲಿ ಏನಾದರೂ ಆಗುತ್ತಿದೆಯೇ ಎಂದು ಗಮನವಿಟ್ಟು ಕಾಯುತ್ತಿದ್ದರು. ಎರಡು ಎಲೆ ತಿಂದಿದ್ದೇನಲ್ಲ, ಏನಾದರೂ ಆಗುವುದಿದ್ದರೆ ನನಗೂ ಆಗಬೇಕು. ನಿದಿಗೆ ದಾಟುವಾಗ ಬಾಯಲ್ಲಿ ನೀರೂರಿತು. ವಿಷಕ್ಕೋ, ಭಯಕ್ಕೋ? ಅಂಗೈ ಬೆವರಿತ್ತು. ಅದೂ ಯಾವುದಕ್ಕೋ?

ಅತ್ತು ಅತ್ತು ಸಾಕಾಗಿದ್ದ ಎರಡನೆಯ ಸಲದ ಒಂದು ಸಂಜೆ ನೆನಪಾಯಿತು. ಆಸ್ಪತ್ರೆಯಿಂದ ಬಂದ ಗಗನಾ ಕಣ್ಣೀರು ಹಾಕದೆ ಗೋಡೆ ನೋಡುತ್ತ ಮಲಗಿದ್ದಳು. "ಇನ್ನೊಂದು ಸಲ ನನ್ನ ಕೈಲಾಗಲ್ಲಮ್ಮ" ಎಂದಿದ್ದಳು, ಅಷ್ಟೇ. ಹಾಗೆಂದವಳು ಮತ್ತೆ ಧೈರ್ಯ ಮಾಡಿದ್ದಾಳೆ. ಅವಳ ಧೈರ್ಯಕ್ಕೆ ನಾನು ಕೊಟ್ಟದ್ದು ಈ ಲೋಟವೇ?

"ಅಜ್ಜಿ, ಕಿಟಕಿ ಹತ್ರ ಬನ್ನಿ. ಗಾಳಿ ಬರುತ್ತೆ." ಪಕ್ಕದ ಕಾಲೇಜು ಹುಡುಗಿ ಎದ್ದು ಜಾಗ ಬದಲಿಸಿದಳು. ಏನಾಯಿತು ಎಂದು ಕೇಳಲಿಲ್ಲ. ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೈಗಿಟ್ಟಳು. ವಸಂತಮ್ಮ ಬಾಟಲಿಯನ್ನು ನೋಡಿದರು. ಹಳೇ ಬಾಟಲಿ. ಒಳಗೆ ನೀರೇ ಎಂದು ಹೇಗೆ ಹೇಳುವುದು? ಹಾಗೆ ಯೋಚಿಸಿದ್ದಕ್ಕೆ ತಮಗೇ ನಾಚಿಕೆಯಾಗಿ ಎರಡು ಗುಟುಕು ಕುಡಿದರು.

ಮಾಚೇನಹಳ್ಳಿ ಬಿಟ್ಟ ಮೇಲೆ ನಾಗೇಶನ ಫೋನು ಬಂತು. ಗಗನಾಳನ್ನು ನರ್ಸಿಂಗ್ ಹೋಮಿಗೆ ಕರೆತಂದಿದ್ದೇನೆ, ನೇರ ಅಲ್ಲಿಗೇ ಬಾ ಎಂದ. "ಹೇಗಿದ್ದಾಳೆ?" ಎಂದರೆ, "ವಾಂತಿ ಮಾಡಿದಳು" ಎಂದ. "ಜಾಸ್ತಿಯಾ?" "ದಿನಾ ಮಾಡ್ತಾಳಲ್ಲಮ್ಮ, ಜಾಸ್ತಿ ಯಾವ್ದು ಕಮ್ಮಿ ಯಾವ್ದು ನಂಗೇನ್ ಗೊತ್ತು?" ಎಂದ.

ನರ್ಸಿಂಗ್ ಹೋಮಿನ ಒಳಕೋಣೆಯಲ್ಲಿ ಗಗನಾ ಮಂಚದ ಅಂಚಿಗೆ ಕೂತಿದ್ದಳು. ಮುಖ ಬಿಳಿಚಿತ್ತು, ಹಣೆಯಲ್ಲಿ ಬೆವರಿನ ಸಾಲು. ಅಮ್ಮನನ್ನು ಕಂಡು ನಗಲು ನೋಡಿದಳು. "ತಂಬುಳಿ ಭಾಳ ಚೆನ್ನಾಗಿತ್ತು ಕಣಮ್ಮ" ಎಂದಳು. ವಸಂತಮ್ಮ ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು.

ಡಾಕ್ಟರ್ ಸಂಧ್ಯಾ ಚಿಕ್ಕ ವಯಸ್ಸಿನ ಹೆಂಗಸು. ಗಗನಾಳ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ನಾಡಿ ಹಿಡಿದರು.

"ಬಾಯಲ್ಲಿ ಜೊಲ್ಲು ಜಾಸ್ತಿ ಬರ್ತಿದೆಯಾ?"

"ದಿನಾನೂ ಬರುತ್ತೆ ಡಾಕ್ಟ್ರೇ."

"ತಲೆಸುತ್ತು? ಬೆವರು?"

"ಅದೂ ಇದ್ದದ್ದೇ."

ಡಾಕ್ಟರು ಟಾರ್ಚ್ ಆರಿಸಿ ವಸಂತಮ್ಮನ ಕಡೆ ತಿರುಗಿದರು. "ಕಷ್ಟ ಇಲ್ಲೇ ಇರೋದು ನೋಡಿ ಅಮ್ಮ. ಇಂಥ ಔಷಧಿ ಹೊಟ್ಟೆಗೆ ಹೋದ್ರೆ ಏನೇನು ಕಾಣ್ಬೇಕೋ, ಅದರಲ್ಲಿ ಮುಕ್ಕಾಲು ಪಾಲು ಇವರಿಗೆ ಮೊದಲೇ ಇದೆ. ಈಗ ಕಣ್ಣು, ನಾಡಿ ಎರಡೂ ಪರವಾಗಿಲ್ಲ ಅನ್ಸುತ್ತೆ. ಆದರೆ ಇವತ್ತು ಪೂರ್ತಿ ಇಲ್ಲಿ ಇಟ್ಕೊಂಡು ನೋಡ್ಬೇಕು. ಯಾವ ಔಷಧಿ ಅಂತ ಗೊತ್ತಾಗ್ಲೇಬೇಕು. ಸಿಂಪಡಿಸಿದವರನ್ನ ಕೇಳಿದ್ರಾ?"

"ಅವರಿಗೂ ಹೆಸರು ಗೊತ್ತಿಲ್ಲ."

"ಅಂಗಡಿ ಗೊತ್ತಿರುತ್ತಲ್ಲ? ಬಾಟಲಿ ಸಮೇತ ಬರ್ಲಿ. ಬಸುರಿ ಹೆಂಗಸು ಕುಡಿದಿದ್ದಾಳೆ ಅಂತ ಹೇಳಿ, ಓಡಿ ಬರ್ತಾರೆ."

ವಸಂತಮ್ಮ ಫೋನು ಹಿಡಿದು ಕಾರಿಡಾರಿಗೆ ಬಂದರು. ಅಲ್ಲಿಯ ಬೆಂಚಿನಲ್ಲಿ ಕೂತರು. ಚೌಡಪ್ಪನ ಹೆಸರು ಪರದೆಯ ಮೇಲಿತ್ತು. ಒತ್ತಿದರೆ ಆಯಿತು. ಆದರೆ ಬೆರಳು ಏಳಲಿಲ್ಲ. ಇಷ್ಟು ದಿನ ಹೊಟ್ಟೆಯೊಳಗಿನ ಕೂಸಿನಂತೆಯೇ ಕಾಪಾಡಿದ ಮಾತು. ಬಾಯಿಂದ ಬಿದ್ದರೆ ಅದೂ ಬಿದ್ದಂತೆಯೇ. ಒಳಗೆ ಗಗನಾ ಮತ್ತೆ ಓಕರಿಸಿದ ಸದ್ದು ಕೇಳಿಸಿತು. ವಸಂತಮ್ಮ ಕಣ್ಣು ಮುಚ್ಚಿ ಒತ್ತಿದರು.

"ಚೌಡಪ್ಪನವರೇ, ನಮ್ಮ ಗಗನಾ ಬಸುರಿ. ಇವತ್ತು ಬೆಳಿಗ್ಗೆ ಆ ದೊಡ್ಡಪತ್ರೆ ತಂಬುಳಿ ಕುಡಿದಿದ್ದಾಳೆ. ನಾನು ನಿಮಗೆ ಸುಳ್ಳು ಹೇಳಿದ್ದೆ. ದಿನಾ ಮಾಡ್ತಿದ್ದೆ. ಭದ್ರಾವತಿಯಲ್ಲಿ ನರ್ಸಿಂಗ್ ಹೋಮಿನಲ್ಲಿದ್ದೀವಿ, ಡಾಕ್ಟ್ರಿಗೆ ಆ ಔಷಧಿ ಹೆಸರು ಬೇಕಂತೆ."

ಬೈದಾರು, ಮೊದಲೇ ಹೇಳಬಾರದಿತ್ತೇ ಎಂದಾರು ಎಂದು ವಸಂತಮ್ಮ ಕಾದರು. ಚೌಡಪ್ಪ ಹಾಗೇನೂ ಅನ್ನಲಿಲ್ಲ. "ಅಯ್ಯೋ ನನ್ನ ಕೈ ಸೇದಿಹೋಗ" ಎಂದರು, ಬಹಳ ಮೆಲ್ಲಗೆ. ಆಮೇಲೆ, "ಬಾಟಲಿ ತಗೊಂಡು ಅಂಗಡಿಗೆ ಹೋಗಿ, ಹೆಸರು ಬರೆಸ್ಕೊಂಡು ಬರ್ತೀನಿ ಅಮ್ಮ. ಗಾಡೀಲೇ ಬರ್ತೀನಿ. ನೀವು ಅವಳ ಹತ್ರ ಇರಿ" ಎಂದು ಇಟ್ಟರು.

ಕಾಯುವುದು ಮಾತ್ರ ಉಳಿಯಿತು. ನಾಗೇಶ್ ಗೋಡೆಗೊರಗಿ ನಿಂತು, ಕೊರಳಿನ ಬ್ಯಾಂಕ್ ಐಡಿ ಕಾರ್ಡಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದ. "ಎರಡನೇ ಲೋಟ ಬೇಡ ಅಂದ್ಳು ಕಣಮ್ಮ. ಅಮ್ಮ ಕಷ್ಟಪಟ್ಟು ಮಾಡಿರೋದು ಕುಡಿಯೇ ಅಂತ ನಾನೇ ಜುಲುಮೆ ಮಾಡ್ದೆ" ಎಂದ. ವಸಂತಮ್ಮ ಎದ್ದು ಅವನ ಬೆನ್ನು ಸವರಿದರು. ನರ್ಸು ಬಂದು ಗಗನಾಳ ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದಳು. ಸ್ಕ್ಯಾನಿನವರು ಊಟ ಮುಗಿಸಿ ಬರಬೇಕಂತೆ. ಗಗನಾ ಕಣ್ಣು ಮುಚ್ಚಿ ಮಲಗಿದ್ದಳು. ಅವಳ ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಆ ಕೈ ಅಲುಗಿದರೆ ವಸಂತಮ್ಮನ ಜೀವ ಬಾಯಿಗೆ ಬರುತ್ತಿತ್ತು. ಅಲುಗದಿದ್ದರೂ ಬರುತ್ತಿತ್ತು.

"ಅಮ್ಮ" ಎಂದಳು ಕಣ್ಣು ತೆರೆಯದೆ, "ಚೌಡಪ್ಪ ಅಂಕಲ್‌ನ ಬೈಬೇಡ."

"ಇಲ್ಲ ಕಣೇ."

"ನಿನ್ನನ್ನೂ ನೀನು ಬೈಕೋಬೇಡ."

ವಸಂತಮ್ಮ ಸೆರಗಿನಿಂದ ಅವಳ ಹಣೆಯ ಬೆವರು ಒರೆಸಿದರು.

ಸ್ಕ್ಯಾನಿಗೆ ಕರೆಯುವ ಹೊತ್ತಿಗೆ ಫೋನು ಬಡಿದುಕೊಂಡಿತು. ಚೌಡಮ್ಮ. ಹೊಳಲೂರಿನಲ್ಲಿ ಸಿಗ್ನಲ್ ಸರಿಯಿಲ್ಲದ್ದಕ್ಕೋ, ಗಾಬರಿಗೋ, ಕಿರುಚಿಯೇ ಮಾತಾಡುತ್ತಿದ್ದಳು. ಕಾರಿಡಾರಿನ ಜನರೆಲ್ಲ ತಿರುಗಿ ನೋಡಿದರು.

"ಅಕ್ಕಾ! ವಸಂತಕ್ಕಾ! ಇವ್ರು ಈಗ ಫೋನ್ ಮಾಡಿದ್ರು. ಅಳ್ತಾ ಇದ್ದಾರೆ. ನೀವು ಯಾವ ಕುಂಡದ್ದು ಕಿತ್ರಿ? ಒಡಕು ಕುಂಡದ್ದೇ ತಾನೆ?"

"ಅದೇ. ದೊಡ್ಡಪತ್ರೆ ಇರೋದು ಅದೊಂದರಲ್ಲೇ."

"ಬೇರೆ ಯಾವ್ದೂ ಹಾಕಿಲ್ವಲ್ಲ? ಕರಿಬೇವು, ಕೊತ್ತಂಬರಿ?"

"ಇಲ್ಲ ಚೌಡಮ್ಮ. ಅವಳಿಗೆ ಕರಿಬೇವಾಗಲ್ಲ."

"ಸ್ವಾಮೀ ದೇವರೇ" ಎಂದು ಚೌಡಮ್ಮ ಉಸಿರು ಬಿಟ್ಟಳು. "ಅದಕ್ಕೆ ಔಷಧಿ ಬಿದ್ದಿಲ್ಲ ಅಕ್ಕ. ಇವ್ರು ಪಂಪಿಗೆ ಔಷಧಿ ತುಂಬ್ತಾ ಇರುವಾಗ್ಲೇ ನಾನು ಮೇಲೆ ಹೋಗಿ ಆ ಕುಂಡ ಎತ್ಕೊಂಡು ಬಂದೆ. ರಾತ್ರಿ ಪೂರ್ತಿ ನಮ್ಮ ಅಡುಗೆಮನೇಲಿ ಒಲೆ ಕಟ್ಟೆ ಕೆಳಗಿತ್ತು. ಬೆಳಿಗ್ಗೆ ಬಸ್ಸಿಗೆ ಹೊರಡೋ ಮುಂಚೆ ಮೇಲೆ ಇಟ್ಟು ಬಂದೆ. ಮುಸುಕು ಕತ್ತಲೆ, ಇವರಿಗೆ ಅದು ಇಲ್ಲ ಅನ್ನೋದೇ ಗೊತ್ತಾಗಿಲ್ಲ. ಇವ್ರು ನಿಮಗೆ ಹೇಳಿರ್ತಾರೆ ಅಂತ ನಾನು, ಹೇಳಿದ್ರಾಯ್ತು ಅಂತ ಇವ್ರು."

ನಂಬಬೇಕೆಂದು ವಸಂತಮ್ಮನ ಮನಸ್ಸು ಹಾತೊರೆಯುತ್ತಿತ್ತು, ನಂಬಿದರೆ ಏನಾದೀತೋ ಎಂದು ಹೆದರುತ್ತಿತ್ತು. ಸಮಾಧಾನಕ್ಕೆ ಹೇಳುತ್ತಿದ್ದಾಳೆಯೇ? ಗಂಡನನ್ನು ಉಳಿಸಲು ಹೇಳುತ್ತಿದ್ದಾಳೆಯೇ?

"ಚೌಡಮ್ಮ, ನೀನು ಕುಂಡ ವಾಪಸ್ ಇಟ್ಯಲ್ಲ, ಒಡಕು ಯಾವ ಕಡೆಗೆ ಬಂತು?"

"ಅದನ್ನ ಯಾರ್ ನೋಡಿದ್ರು ಅಕ್ಕ? ಕತ್ತಲೆ..." ಚೌಡಮ್ಮ ತಡೆದಳು. "ಇರಿ. ಇಡುವಾಗ ಒಡಕಿಗೆ ಸೆರಗು ಸಿಕ್ಕೊಂಡು ಹರೀತು. ನಾನು ರಸ್ತೆಗೆ ಬೆನ್ನು ಹಾಕಿ ನಿಂತಿದ್ದೆ. ಹಂಗಾದ್ರೆ ಒಡಕು ನನ್ನ ಕಡೆಗೇ ಇತ್ತು. ರಸ್ತೆ ಕಡೆಗೆ."

ವಸಂತಮ್ಮನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ನಿನಗೆ ಹೇಗೆ ಗೊತ್ತಾಯ್ತೇ?"

"ಹೆಂಗ್ ಗೊತ್ತಾಗಲ್ಲ ಅಕ್ಕ? ಸೊಪ್ಪು ಬಿಟ್ಟೆ ಅಂದ್ರಿ, ದಿನಾ ಬೆಳಿಗ್ಗೆ ಆ ಗಿಡದ ಕುಡಿ ಮುರಿದಿರ್ತಿತ್ತು. ನಾಗೇಶನ ಕೈಲಿ ಸ್ಟೀಲ್ ಡಬ್ಬಿ. ಹೋದ ತಿಂಗಳು ಗಗನಾ ಬಂದಾಗ ಎರಡು ದಿನ ನಿಮ್ಮನೆಯಿಂದ ಒಗ್ಗರಣೆ ವಾಸನೆಯೇ ಇಲ್ಲ. ನಾನೂ ಹೆತ್ತವಳಲ್ವಾ?"

"ಒಂದು ಮಾತು ಕೇಳಬಾರದಿತ್ತಾ ಮಾರಾಯ್ತಿ?"

"ನೀವು ಮುಚ್ಚಿಟ್ಟಿದ್ದನ್ನ ನಾನು ಹೆಂಗ್ ಕೇಳ್ಲಿ? ಹೋದ ಎರಡು ಸಲ ಬೀದಿಯವರು ವಿಚಾರಿಸೋಕೆ ಬಂದಾಗ ನೀವು ಒಳಗೆ ಹೋಗಿ ಬಾಗಿಲು ಹಾಕ್ಕೊಳ್ತಿದ್ದದ್ದು ನಾನು ನೋಡಿಲ್ವಾ? ಗಂಡನಿಗೂ ಬಾಯಿ ಬಿಟ್ಟಿಲ್ಲ. ಬಿಟ್ಟಿದ್ರೆ ಅವ್ರು ಆ ಪಂಪೇ ಮುಟ್ಟುತ್ತಿರಲಿಲ್ಲ" ಎಂದು ಚೌಡಮ್ಮ ಅಳತೊಡಗಿದಳು.

ಚೌಡಮ್ಮ ಹೇಳಿದ್ದನ್ನು ಡಾಕ್ಟರಿಗೆ ತಿಳಿಸಿದರು. ಡಾಕ್ಟರು ತಲೆಯಾಡಿಸಿದರು, ಆದರೂ ಸಂಜೆಯವರೆಗೆ ಬಿಡುವುದಿಲ್ಲ ಎಂದರು. ಒಂದು ಗಾಳಿ ಬೀಸಿದ್ದರೆ, ಒಂದು ಹನಿ ಬಿದ್ದಿದ್ದರೆ ಎಂದು ಅವರೇನೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ವಸಂತಮ್ಮನಿಗೆ ಕೇಳಿಸಿತು. ಸ್ಕ್ಯಾನಿನ ಕೋಣೆಯಲ್ಲಿ ಕಪ್ಪು ಪರದೆಯ ಮೇಲೆ ಮೊದಲು ಏನೂ ಕಾಣಲಿಲ್ಲ. ಸ್ಕ್ಯಾನಿನವರ ಕೈ ಅತ್ತಿತ್ತ ಹುಡುಕಿತು. ಗಗನಾ ಅಮ್ಮನ ಬೆರಳುಗಳನ್ನು ಮುರಿಯುವಂತೆ ಹಿಡಿದಳು. ಆಮೇಲೆ ಬೂದು ಬಣ್ಣದ ನಡುವೆ ಒಂದು ಸಣ್ಣ ಚುಕ್ಕಿ ಮಿಟುಕಿತು. ನಿಲ್ಲದೆ, ಅವಸರ ಅವಸರವಾಗಿ ಮಿಟುಕುತ್ತಲೇ ಇತ್ತು.

ಹೊರಗೆ ಬಂದಾಗ ಚೌಡಪ್ಪ ಬೆಂಚಿನ ಮೇಲಲ್ಲ, ನೆಲದ ಮೇಲೆ ಕೂತಿದ್ದರು. ಮೈತುಂಬ ರಸ್ತೆಯ ಧೂಳು. ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ, ಕೈಯಲ್ಲಿ ಹಾವು ಹಿಡಿದವರಂತೆ ಮೈಯಿಂದ ದೂರ ಹಿಡಿದಿದ್ದರು. ವಸಂತಮ್ಮನ ಮುಖವನ್ನು ನೋಡುವ ಧೈರ್ಯ ಅವರಿಗಿರಲಿಲ್ಲ.

"ಜೀವ ಇದೆ ಚೌಡಪ್ಪನವರೇ. ಈಗ ನೋಡಿ ಬಂದೆ" ಎಂದರು ವಸಂತಮ್ಮ.

ಅವರು ಟವೆಲಿನ ತುದಿಯಿಂದ ಮುಖ ಒರೆಸಿಕೊಳ್ಳಲು ಹೋದರು. ವಸಂತಮ್ಮ ತಟ್ಟನೆ ಅವರ ಕೈ ಹಿಡಿದು ತಡೆದು, ತಮ್ಮ ಸೆರಗನ್ನು ಮುಂದೆ ಮಾಡಿದರು.

ಮರುದಿನ ವಸಂತಮ್ಮ, ಹೊಳಲೂರಿನಿಂದ ಮರಳಿದ ಚೌಡಮ್ಮ ಇಬ್ಬರೂ ಸೇರಿ ಟೆರೇಸಿನ ಮೇಲಿನ ಕರಿಬೇವು, ಕೊತ್ತಂಬರಿ, ಪುದೀನ, ಒಂದೆಲಗ ಎಲ್ಲವನ್ನೂ ಕಿತ್ತು ಗೋಣಿಚೀಲಕ್ಕೆ ತುಂಬಿದರು. ಉಳಿದದ್ದು ಒಡಕು ಕುಂಡವೊಂದೇ. ಅದನ್ನು ಕೆಳಗೆ ತಂದು ಅಡುಗೆಮನೆಯ ಕಿಟಕಿಗೆ ಇಟ್ಟರು. ಆದರೆ ವಸಂತಮ್ಮನ ಕೈ ಆ ಎಲೆಯ ಹತ್ತಿರ ಹೋಗುತ್ತಿರಲಿಲ್ಲ. ಗಗನಾ ಫೋನಿನಲ್ಲಿ, "ಅಮ್ಮ, ಗಂಜಿ ನಿಲ್ತಿಲ್ಲ, ಎಳನೀರು ನಿಲ್ತಿಲ್ಲ. ಒಂಚೂರು ತಂಬುಳಿ ಕಳಿಸಮ್ಮ" ಎಂದು ಬೇಡಿದಳು. ಅವಳ ದನಿ ನೂಲಿನಷ್ಟು ಸಣ್ಣಗಾಗಿತ್ತು.

ಕಡೆಗೊಂದು ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿ ಎಲೆ ಮುರಿದರು. ಉಪ್ಪು ನೀರಿನಲ್ಲಿ ತೊಳೆದರು, ಮತ್ತೆ ತೊಳೆದರು. ಬಾಡಿಸಿ, ರುಬ್ಬಿ, ಕಲಸಿ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರು. ನಾಗೇಶ್ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತ. ಡಬ್ಬಿ ಮಾತ್ರ ವಸಂತಮ್ಮನ ಕೈಯಿಂದ ಬಿಡಿಸಿಕೊಳ್ಳಲಿಲ್ಲ.

"ಅಮ್ಮ, ಹೊತ್ತಾಯ್ತು."

"ಇರೋ. ಒಂದು ಗಳಿಗೆ."

ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಚೌಡಪ್ಪ ಒಳಗೆ ಬಂದರು. ಸ್ನಾನ ಮಾಡಿ, ತೊಳೆದ ಪಂಚೆ ಉಟ್ಟಿದ್ದರು. ಕೈಯಲ್ಲಿ ತಮ್ಮದೇ ಮನೆಯ ಒಂದು ಲೋಟ. ಅಡುಗೆಮನೆಯ ಹೊಸ್ತಿಲ ಬಳಿ ನಿಂತು ಅದನ್ನು ಮುಂದೆ ಹಿಡಿದರು.

"ಮೊದ್ಲು ನನಗೆ ಹಾಕಿ ಅಮ್ಮ."

"ನೀವು ಇದನ್ನ ಕುಡಿಯಲ್ಲವಲ್ಲ."

"ಹಾಕಿ."

ವಸಂತಮ್ಮ ಮು‌ಚ್ಚಳ ತೆಗೆದು ಲೋಟ ತುಂಬಿದರು. ಚೌಡಪ್ಪ ಮೂಸಿದರು, ಮುಖ ಸಿಂಡರಿಸಿದರು, ಒಂದೇ ಉಸಿರಿಗೆ ಕುಡಿದು ಮುಗಿಸಿದರು. ಆಮೇಲೆ ಹೊಸ್ತಿಲಲ್ಲೇ ಚಕ್ಕಳ ಬಕ್ಕಳ ಹಾಕಿ ಕೂತುಕೊಂಡರು. ಕಿಟಕಿಯಲ್ಲಿ ಕುಂಡದ ಒಡಕು ಒಳಮುಖವಾಗಿತ್ತು. ರಸ್ತೆಯಲ್ಲಿ ತರಕಾರಿ ಗಾಡಿ ಕೂಗಿಕೊಂಡು ಹೋಯಿತು, ಹಾಲಿನವನು ಬಂದು ಹೋದ.

"ಏನೂ ಆಗಿಲ್ಲ" ಎಂದರು ಚೌಡಪ್ಪ ಬಹಳ ಹೊತ್ತಿನ ಮೇಲೆ. "ಬಾಯಿ ಒಂಚೂರು ಚುರುಚುರು ಅಂತದೆ."

"ಅದು ಯಾವಾಗಲೂ ಹಾಗೇ" ಎಂದರು ವಸಂತಮ್ಮ, ಡಬ್ಬಿಯನ್ನು ನಾಗೇಶನ ಕೈಗಿಡುತ್ತ.

ದೀಪಾವಳಿ ಕಳೆಯುವವರೆಗೂ ಆ ಲೋಟ ದಿನಾ ಬೆಳಿಗ್ಗೆ ಹೊಸ್ತಿಲಿಗೆ ಬರುತ್ತಿತ್ತು.